'ಗಿಂತ' ಒಂದು ಕಡೆ, 'ಇ-ಆರ್' ಇನ್ನೊಂದು ಕಡೆ: ಇಂಗ್ಲಿಷ್‌ನಲ್ಲಿ ಹೋಲಿಸಿ ಮಾತಾಡುವುದು ಹೇಗೆ?

'ಮೋರ್ ಬಿಗ್ಗರ್ ಅಂತ ಹೇಳಬಹುದಾ?' 'ಎಲ್ಡರ್ ದ್ಯಾನ್ ಸರಿಯೋ, ಓಲ್ಡರ್ ದ್ಯಾನ್ ಸರಿಯೋ?' 'ಪರೀಕ್ಷೆಯಲ್ಲಿ ಡಿಗ್ರಿ ಬದಲಿಸಿ ಅಂತ ಕೊಡ್ತಾರಲ್ಲ, ಅದಕ್ಕೆ ಸುಲಭದ ದಾರಿ ಇದೆಯಾ?' ಮೈಸೂರು, ಮಂಡ್ಯ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಎಸ್ಸೆಸ್ಸೆಲ್ಸಿ ಮಕ್ಕಳು, ಸಂದರ್ಶನಕ್ಕೆ ತಯಾರಾಗುತ್ತಿರುವವರು, ಮನೆಯಲ್ಲಿ ಮಕ್ಕಳಿಗೆ ಹೋಮ್‌ವರ್ಕ್ ಹೇಳಿಕೊಡುವವರು, ಎಲ್ಲರೂ ಎಡವುವುದು ಹೆಚ್ಚು ಕಡಿಮೆ ಅವೇ ಜಾಗಗಳಲ್ಲಿ. ಇದಕ್ಕೆ ದಡ್ಡತನ ಕಾರಣವಲ್ಲ. ನಾವು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್‌ನಲ್ಲಿ ಹೇಳುತ್ತೇವೆ, ಮತ್ತು ಹೋಲಿಸುವಾಗ ಈ ಎರಡು ಭಾಷೆಗಳು ಬೇರೆ ಬೇರೆ ಪದದ ಮೇಲೆ ಗುರುತು ಹಾಕುತ್ತವೆ. ಈ ಒಂದು ವಿಷಯ ಮನಸ್ಸಿಗೆ ಹತ್ತಿದರೆ ಅರ್ಧ ತಪ್ಪುಗಳು ತಾವಾಗಿಯೇ ನಿಲ್ಲುತ್ತವೆ.

ನಿಮಗೆ ಬೇಕಾಗಿರುವುದು ಒಂದು ನೋಟ್‌ಬುಕ್, ಒಂದು ಪೆನ್ನು, ಜೋರಾಗಿ ಓದಿಕೊಳ್ಳಲು ಸ್ವಲ್ಪ ಜಾಗ. ಇಂಗ್ಲಿಷ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ನೀವು ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಾ ಹೋಗಿ. ಸ್ಪೆಲಿಂಗ್ ಕೂಡ ಅಭ್ಯಾಸವಾಗುತ್ತದೆ.

ಹಂತ 1: ಗುರುತು ಎಲ್ಲಿ ಬೀಳುತ್ತದೆ ನೋಡಿ

ಮೊದಲು ನಮ್ಮ ಮಾತನ್ನೇ ನೋಡೋಣ.

ಮಂಡ್ಯ ದೊಡ್ಡದು.
ಮಂಡ್ಯಕ್ಕಿಂತ ಮೈಸೂರು ದೊಡ್ಡದು.
ಎಲ್ಲಕ್ಕಿಂತ ಬೆಂಗಳೂರು ದೊಡ್ಡದು.

ಮೂರು ವಾಕ್ಯದಲ್ಲೂ 'ದೊಡ್ಡದು' ಅಲುಗಾಡಲಿಲ್ಲ, ಅಲ್ವಾ? ಬದಲಾದದ್ದು 'ಮಂಡ್ಯ'. ಅದಕ್ಕೆ 'ಕ್ಕಿಂತ' ಅಂಟಿಕೊಂಡಿತು. ಈಗ ಅದನ್ನೇ ಇಂಗ್ಲಿಷ್‌ನಲ್ಲಿ ಓದಿ.

ಮಂಡ್ಯ ಈಸ್ ಬಿಗ್.
ಮೈಸೂರು ಈಸ್ ಬಿಗ್ಗರ್ ದ್ಯಾನ್ ಮಂಡ್ಯ.
ಬೆಂಗಳೂರು ಈಸ್ ದ ಬಿಗ್ಗೆಸ್ಟ್.

ಇಲ್ಲಿ ಊರಿನ ಹೆಸರು ಹಾಗೇ ಉಳಿಯಿತು. ಗುಣ ಹೇಳುವ ಪದ ರೂಪ ಬದಲಿಸಿತು. ಗುಣ ಹೇಳುವ ಈ ಪದಕ್ಕೆ ಅಡ್ಜೆಕ್ಟಿವ್ ಎನ್ನುತ್ತಾರೆ. ಅದರ ಮೂರು ರೂಪಗಳೇ ಮೂರು ಡಿಗ್ರಿಗಳು. ಸುಮ್ನೆ ಗುಣ ಹೇಳಿದರೆ ಪಾಸಿಟಿವ್, ಇಬ್ಬರನ್ನು ಅಥವಾ ಎರಡನ್ನು ತೂಗಿ ನೋಡಿದರೆ ಕಂಪ್ಯಾರಟಿವ್, ಗುಂಪಿನಲ್ಲಿ ಒಂದನ್ನು ಮೇಲಕ್ಕೆ ಎತ್ತಿ ಹಿಡಿದರೆ ಸೂಪರ್ಲೇಟಿವ್. ಕಂಪ್ಯಾರಟಿವ್‌ಗೆ ಪದದ ಕೊನೆಯಲ್ಲಿ ಇ-ಆರ್ ಅಕ್ಷರಗಳು, ಸೂಪರ್ಲೇಟಿವ್‌ಗೆ ಇ-ಎಸ್-ಟಿ ಅಕ್ಷರಗಳು ಸೇರುತ್ತವೆ.

ಗುಣದ ಪದಕ್ಕೇ ಬಾಲ ಸೇರಿಸುವುದು ನಮಗೆ ಪೂರ್ತಿ ಹೊಸದೂ ಅಲ್ಲ. ಸಂಸ್ಕೃತದಿಂದ ಬಂದ ಪದಗಳಲ್ಲಿ ಇದು ಇದೆ. 'ಗುರುತರ ಜವಾಬ್ದಾರಿ' ಎನ್ನುತ್ತೇವೆ, 'ಪ್ರಿಯತಮ' ಎನ್ನುತ್ತೇವೆ. ಆ 'ತರ', 'ತಮ' ಎರಡೂ ಸೇರಿಯೇ 'ತಾರತಮ್ಯ' ಎಂಬ ಪದ ಹುಟ್ಟಿದ್ದು. ಇ-ಆರ್ ಎಂದರೆ ತರ, ಇ-ಎಸ್-ಟಿ ಎಂದರೆ ತಮ ಎಂದು ನೆನಪಿಟ್ಟುಕೊಳ್ಳಿ.

ಕನ್ನಡದ ಅಭ್ಯಾಸದಿಂದ ಇಲ್ಲಿ ಎರಡು ತಪ್ಪು ಬರುತ್ತವೆ. ಒಂದು, 'ಮೈಸೂರು ಈಸ್ ಬಿಗ್ ದ್ಯಾನ್ ಮಂಡ್ಯ'. ದ್ಯಾನ್ ಹಾಕಿದ ಕೂಡಲೇ 'ಗಿಂತ' ಆಯಿತು ಎಂದು ನಾಲಿಗೆ ನಿಂತುಬಿಡುತ್ತದೆ, ಬಿಗ್ ಹಾಗೇ ಉಳಿಯುತ್ತದೆ. ಇನ್ನೊಂದು, 'ಮೋರ್ ಬಿಗ್ಗರ್'. 'ಇನ್ನೂ ಜಾಸ್ತಿ ದೊಡ್ಡದು' ಎನ್ನುವುದನ್ನು ಪದಕ್ಕೆ ಪದ ಇಟ್ಟಾಗ ಇದು ಬರುತ್ತದೆ. ಬಿಗ್ಗರ್‌ನಲ್ಲಿ ಮೋರ್ ಆಗಲೇ ಸೇರಿಹೋಗಿದೆ. ಎರಡನೇ ಸಲ ಬೇಡ. 'ಮೋಸ್ಟ್ ಬೆಸ್ಟ್' ಕೂಡ ಇದೇ ತಪ್ಪು.

ಹೊಸದಾಗಿ ಕಲಿಯುತ್ತಿದ್ದರೆ ಈ ಅಭ್ಯಾಸ ಮಾಡಿ. ಕನ್ನಡ ವಾಕ್ಯದಲ್ಲಿ 'ಗಿಂತ' ಯಾವ ಪದಕ್ಕೆ ಅಂಟಿದೆ ಹುಡುಕಿ. ಆ ಪದವನ್ನು ಇಂಗ್ಲಿಷ್ ವಾಕ್ಯದ ಕೊನೆಗೆ ತಳ್ಳಿ. ಅದಕ್ಕಿಂತ ಮೊದಲು ದ್ಯಾನ್ ಇಡಿ. ಆಮೇಲೆ ಗುಣದ ಪದಕ್ಕೆ ಇ-ಆರ್ ಸೇರಿಸಿ. ಹತ್ತು ವಾಕ್ಯ ಹೀಗೆ ಬರೆದರೆ ಕೈಗೆ ಅಭ್ಯಾಸವಾಗುತ್ತದೆ. ದ್ಯಾನ್ ಬರೆಯುವಾಗ ಮೂರನೇ ಅಕ್ಷರ 'ಎ' ಇರಲಿ. ಅಲ್ಲಿ 'ಇ' ಬರೆದರೆ ಅದು 'ದೆನ್' ಆಗುತ್ತದೆ, ಅಂದರೆ 'ಆಮೇಲೆ'.

ಹಂತ 2: ಇ-ಆರ್ ಸೇರಿಸಬೇಕೋ, ಮೋರ್ ಹಾಕಬೇಕೋ?

ಇದಕ್ಕೆ ಚಪ್ಪಾಳೆ ಪರೀಕ್ಷೆ ಇದೆ. ಪದವನ್ನು ಹೇಳುತ್ತಾ ಪ್ರತಿ ತುಂಡಿಗೂ ಒಂದು ಚಪ್ಪಾಳೆ ಹಾಕಿ. ಒಂದೇ ಉಸಿರಿಗೆ ಬರುವ, ಒಂದು ಸ್ವರ ಇರುವ ಈ ತುಂಡಿಗೆ ಸಿಲಬಲ್ ಎನ್ನುತ್ತಾರೆ. 'ಟಾಲ್' ಒಂದು ಚಪ್ಪಾಳೆ. 'ಹ್ಯಾ-ಪಿ' ಎರಡು. 'ಬ್ಯೂ-ಟಿ-ಫುಲ್' ಮೂರು.

ಒಂದು ಚಪ್ಪಾಳೆ ಆದರೆ ಇ-ಆರ್, ಇ-ಎಸ್-ಟಿ: ಟಾಲರ್, ಟಾಲೆಸ್ಟ್. ಮೂರು ಅಥವಾ ಜಾಸ್ತಿ ಆದರೆ ಪದವನ್ನು ಮುಟ್ಟಬೇಡಿ, ಹಿಂದೆ ಮೋರ್ ಅಥವಾ ಮೋಸ್ಟ್ ಇಡಿ: ಮೋರ್ ಬ್ಯೂಟಿಫುಲ್, ಮೋಸ್ಟ್ ಎಕ್ಸ್‌ಪೆನ್ಸಿವ್, ಮೋರ್ ಡಿಫಿಕಲ್ಟ್.

ತಲೆನೋವು ಎರಡು ಚಪ್ಪಾಳೆಯದು. ವೈ ಅಕ್ಷರದಲ್ಲಿ ಮುಗಿದರೆ ಸಾಮಾನ್ಯವಾಗಿ ಇ-ಆರ್ ಕಡೆಗೆ ಹೋಗುತ್ತದೆ: ಹ್ಯಾಪಿಯರ್, ಈಸಿಯರ್, ಹೆವಿಯರ್. ಮದ್ದೂರು ವಡೆ ಉದ್ದಿನ ವಡೆಗಿಂತ ಗರಿಗರಿ ಎನ್ನಬೇಕಾ? 'ಮದ್ದೂರು ವಡಾ ಈಸ್ ಕ್ರಿಸ್ಪಿಯರ್ ದ್ಯಾನ್ ಉದ್ದಿನ ವಡಾ.' ಫುಲ್, ಲೆಸ್, ಅಸ್, ಇಂಗ್ ಎಂದು ಮುಗಿಯುವ ಪದಗಳಿಗೆ ಮೋರ್: ಮೋರ್ ಯೂಸ್‌ಫುಲ್, ಮೋರ್ ಕೇರ್‌ಲೆಸ್, ಮೋರ್ ಫೇಮಸ್, ಮೋರ್ ಬೋರಿಂಗ್. ಕ್ಲೆವರ್, ಸಿಂಪಲ್, ಪೊಲೈಟ್, ಕ್ವಯೆಟ್ ಇಂಥ ಕೆಲವು ಪದಗಳಿಗೆ ಎರಡೂ ನಡೆಯುತ್ತವೆ. ಅನುಮಾನ ಬಂದರೆ ಎರಡು ಚಪ್ಪಾಳೆಯ ಪದಕ್ಕೆ ಮೋರ್ ಹಾಕಿ. ಕೇಳಲು ಸ್ವಲ್ಪ ಭಾರ ಅನ್ನಿಸಬಹುದು, ಆದರೆ ದೊಡ್ಡ ತಪ್ಪಾಗುವ ಭಯ ಕಡಿಮೆ.

ಇಲ್ಲಿ ನಮ್ಮ ನಾಲಿಗೆಯ ಒಂದು ಗುಣ ಅಡ್ಡ ಬರುತ್ತದೆ. ಕನ್ನಡಿಗರಿಗೆ ಪದ ವ್ಯಂಜನದಲ್ಲಿ ನಿಲ್ಲುವುದು ಹಿಡಿಸುವುದಿಲ್ಲ. ಬಸ್ಸು, ಬೆಂಚು, ರೋಡು ಎಂದು ಕೊನೆಗೆ ಒಂದು 'ಉ' ಸೇರಿಸುತ್ತೇವೆ. ಹಾಗೇ ಸ್ವೀಟು, ಫಾಸ್ಟು, ಚೀಪು. ಹೀಗೆ ಹೇಳಿ ಚಪ್ಪಾಳೆ ತಟ್ಟಿದರೆ ಲೆಕ್ಕ ಎರಡಾಗುತ್ತದೆ. 'ಇಸ್ಟ್ರಾಂಗು' ಎಂದರಂತೂ ಮೂರೇ! ಆಗ 'ಮೋರ್ ಸ್ಟ್ರಾಂಗ್' ಎಂದು ಬಾಯಿಗೆ ಬರುತ್ತದೆ. ಹಿಂದಿನ 'ಇ', ಕೊನೆಯ 'ಉ' ಎರಡನ್ನೂ ಬಿಟ್ಟು ಎಣಿಸಿ. ಇಂಗ್ಲಿಷ್‌ನಲ್ಲಿ ಸ್ಟ್ರಾಂಗ್‌ಗೆ ಒಂದೇ ಚಪ್ಪಾಳೆ. ಆದ್ದರಿಂದ ಸ್ಟ್ರಾಂಗರ್.

ಚಪ್ಪಾಳೆಗೆ ಸಿಗದ ಪದಗಳೂ ಇವೆ. ಟೈರ್ಡ್, ಬೋರ್ಡ್ (ಅಂದರೆ ಬೇಜಾರಾದ) ಇವು ಚಿಕ್ಕ ಪದಗಳೇ. ಆದರೂ ಮೋರ್ ಟೈರ್ಡ್, ಮೋರ್ ಬೋರ್ಡ್ ಎನ್ನಬೇಕು. ಕ್ರಿಯಾಪದಕ್ಕೆ ಇ-ಡಿ ಸೇರಿ ಆದ ಗುಣಪದಗಳಿಗೆ ಇ-ಆರ್ ಅಂಟುವುದಿಲ್ಲ.

ಹಂತ 3: ಸ್ಪೆಲಿಂಗ್

ಇದು ಬೇಗ ಮುಗಿಯುತ್ತದೆ. ಲಾರ್ಜ್, ನೈಸ್ ಇಂಥ ಪದಗಳ ಕೊನೆಯಲ್ಲಿ ಆಗಲೇ ಇ ಇದೆ. ಆರ್ ಅಥವಾ ಎಸ್-ಟಿ ಮಾತ್ರ ಸೇರಿಸಿ. ಹ್ಯಾಪಿ, ಹೆವಿ ಇಂಥವುಗಳ ಕೊನೆಯ ವೈ ಅಕ್ಷರ ಐ ಆಗುತ್ತದೆ, ಆಮೇಲೆ ಇ-ಆರ್. ಇನ್ನು ಬಿಗ್, ಹಾಟ್, ಥಿನ್, ಫ್ಯಾಟ್, ಸ್ಯಾಡ್: ಇವು ಒಂದು ಚಪ್ಪಾಳೆಯ ಪದಗಳು, ಕೊನೆಯಲ್ಲಿ ಒಂದೇ ಸ್ವರಾಕ್ಷರ, ಅದರ ನಂತರ ಒಂದೇ ವ್ಯಂಜನಾಕ್ಷರ. ಇಂಥ ಕಡೆ ಕೊನೆಯ ವ್ಯಂಜನವನ್ನು ಎರಡು ಸಲ ಬರೆಯಿರಿ. ಬಿಗ್ಗರ್‌ಗೆ ಎರಡು ಜಿ, ಹಾಟರ್‌ಗೆ ಎರಡು ಟಿ. ಚೀಪ್‌ನಲ್ಲಿ ಸ್ವರಾಕ್ಷರ ಎರಡಿವೆ, ಫಾಸ್ಟ್‌ನಲ್ಲಿ ವ್ಯಂಜನ ಎರಡಿವೆ. ಅಲ್ಲಿ ದ್ವಿತ್ವ ಬೇಡ. ಸ್ಲೋ, ಲೋ ಪದಗಳ ಕೊನೆಯ ಡಬ್ಲ್ಯು ಕೂಡ ಎಂದೂ ಎರಡಾಗುವುದಿಲ್ಲ.

ಹಂತ 4: ದಾರಿ ತಪ್ಪಿದ ಪದಗಳನ್ನು ಬಾಯಿಪಾಠ ಮಾಡಿ

ಗುಡ್, ಬೆಟರ್, ಬೆಸ್ಟ್. ಬ್ಯಾಡ್, ವರ್ಸ್, ವರ್ಸ್ಟ್. ಲಿಟಲ್, ಲೆಸ್, ಲೀಸ್ಟ್. ಮೆನಿ ಅಥವಾ ಮಚ್, ಮೋರ್, ಮೋಸ್ಟ್. ಫಾರ್, ಫಾರ್ದರ್ ಅಥವಾ ಫರ್ದರ್, ಫಾರ್ದೆಸ್ಟ್ ಅಥವಾ ಫರ್ದೆಸ್ಟ್. ದೂರ ಹೇಳುವಾಗ ಫಾರ್ದರ್, ಫರ್ದರ್ ಎರಡೂ ಸರಿ. 'ಇನ್ನೂ ಮುಂದಿನ, ಹೆಚ್ಚಿನ' ಎನ್ನುವಾಗ, ಉದಾಹರಣೆಗೆ 'ಫರ್ದರ್ ಸ್ಟಡೀಸ್', ಫರ್ದರ್ ಮಾತ್ರ.

ಇವುಗಳಲ್ಲಿ ಹಲವು ನಿಮಗೆ ಆಗಲೇ ಗೊತ್ತು. 'ಇದಕ್ಕಿಂತ ಅದು ಬೆಟರು' ಎಂದು ಸಂತೆಯಲ್ಲೂ ಹೇಳುತ್ತೇವೆ. ಆದರೆ ಗೊತ್ತಿರುವ ಪದವೇ ಕೆಲವು ಸಲ ಕೈಕೊಡುತ್ತದೆ. 'ಊಟ ವರ್ಸ್ಟ್ ಆಗಿತ್ತು' ಎನ್ನುವಾಗ ನಮಗೆ ಅದು 'ತುಂಬಾ ಕೆಟ್ಟದು' ಅಷ್ಟೇ. ಇಂಗ್ಲಿಷ್‌ನಲ್ಲಿ ವರ್ಸ್ಟ್ ಎಂದರೆ ಎಲ್ಲಕ್ಕಿಂತ ಕೆಟ್ಟದು. ಸುಮ್ನೆ ಕೆಟ್ಟದು ಎನ್ನಲು 'ವೆರಿ ಬ್ಯಾಡ್' ಸಾಕು. ನಿನ್ನೆಗಿಂತ ಕೆಟ್ಟದು ಎನ್ನಲು 'ವರ್ಸ್ ದ್ಯಾನ್ ಯೆಸ್ಟರ್ಡೇ'. 'ವರ್ಸ್ಟ್ ದ್ಯಾನ್' ಎಂಬುದು ಇಲ್ಲವೇ ಇಲ್ಲ.

ಹಂತ 5: ಸೂಪರ್ಲೇಟಿವ್‌ಗೆ ಮೊದಲು 'ದ'

ಕನ್ನಡದಲ್ಲಿ 'ದ' ಎಂಬ ಪದಕ್ಕೆ ಸರಿಸಾಟಿ ಇಲ್ಲ. ಹಾಗಾಗಿ ಅದು ಮರೆತುಹೋಗುತ್ತದೆ. 'ಷಿ ಈಸ್ ಟಾಲೆಸ್ಟ್ ಗರ್ಲ್' ಎಂದಲ್ಲ, 'ಷಿ ಈಸ್ ದ ಟಾಲೆಸ್ಟ್ ಗರ್ಲ್ ಇನ್ ದ ಕ್ಲಾಸ್'. ಜಾಗ ಅಥವಾ ತರಗತಿ ಹೇಳಿದರೆ 'ಇನ್', ಎಣಿಸಿದ ಗುಂಪು ಹೇಳಿದರೆ 'ಆಫ್': 'ದ ಟಾಲೆಸ್ಟ್ ಆಫ್ ದ ತ್ರೀ'. ಮೈ, ಅವರ್, ಹಿಸ್ ಇದ್ದರೆ ಮಾತ್ರ ದ ಬೇಡ: 'ಮೈ ಬೆಸ್ಟ್ ಫ್ರೆಂಡ್'.

'ಎಲ್ಲಕ್ಕಿಂತ' ಎಂಬ ನಮ್ಮ ಪದದಲ್ಲಿ 'ಗಿಂತ' ಅಡಗಿದೆ. ಅದನ್ನು ಹಿಡಿದುಕೊಂಡು 'ದ ಬೆಸ್ಟ್ ದ್ಯಾನ್ ಆಲ್' ಎನ್ನಬೇಡಿ. 'ದ ಬೆಸ್ಟ್ ಆಫ್ ಆಲ್' ಎನ್ನಿ. ಸೂಪರ್ಲೇಟಿವ್ ಮತ್ತು ದ್ಯಾನ್ ಅಕ್ಕಪಕ್ಕ ಕೂರುವುದಿಲ್ಲ.

'ಒನ್ ಆಫ್ ದ' ಬಂದರೆ ಮುಂದಿನ ಹೆಸರು ಬಹುವಚನದಲ್ಲೇ ಇರಬೇಕು. 'ಮೈಸೂರು ಪ್ಯಾಲೆಸ್ ಈಸ್ ಒನ್ ಆಫ್ ದ ಮೋಸ್ಟ್ ಫೇಮಸ್ ಪ್ಯಾಲೆಸಸ್ ಇನ್ ಇಂಡಿಯಾ.' ಹಲವು ಅರಮನೆಗಳಲ್ಲಿ ಒಂದು ಎಂದು ತಾನೆ ಹೇಳುತ್ತಿರುವುದು? ಹಾಗಾದರೆ ಪ್ಯಾಲೆಸ್ ಎಂದು ಏಕವಚನದಲ್ಲಿ ನಿಲ್ಲಿಸುವುದು ಹೇಗೆ?

ಹಂತ 6: ಕನ್ನಡ ಪದ ಎಳೆಯುವ ಕಡೆ ಹೋಗಬೇಡಿ

ನನ್ನ ಪ್ರಕಾರ ಇಡೀ ವಿಷಯದಲ್ಲಿ ಜಾಸ್ತಿ ಗಮನ ಕೊಡಬೇಕಾದ ಹಂತ ಇದು. ನಿಯಮ ಗೊತ್ತಿದ್ದವರೂ ಇಲ್ಲಿ ಜಾರುತ್ತಾರೆ.

ಮೊದಲು 'ದೊಡ್ಡ'. 'ಅಣ್ಣ ನನಗಿಂತ ಐದು ವರ್ಷ ದೊಡ್ಡವನು' ಎನ್ನುತ್ತೇವೆ. ಅದು 'ಫೈವ್ ಇಯರ್ಸ್ ಬಿಗ್ಗರ್' ಅಲ್ಲ. ಬಿಗ್ಗರ್ ಎಂದರೆ ಗಾತ್ರ. ವಯಸ್ಸಿಗೆ ಓಲ್ಡರ್: 'ಮೈ ಬ್ರದರ್ ಈಸ್ ಫೈವ್ ಇಯರ್ಸ್ ಓಲ್ಡರ್ ದ್ಯಾನ್ ಮಿ'. 'ಚಿಕ್ಕವಳು' ಎನ್ನಲು ಸ್ಮಾಲರ್ ಬೇಡ, ಯಂಗರ್ ಬೇಕು. ಎಲ್ಡರ್ ಎಂಬುದು ಮನೆಯ ಸಂಬಂಧ ಹೇಳುವ ಹೆಸರಿನ ಹಿಂದೆ ಕೂರುತ್ತದೆ: 'ಮೈ ಎಲ್ಡರ್ ಸಿಸ್ಟರ್'. ಅದರ ಜೊತೆ ದ್ಯಾನ್ ಹಾಕುವಂತಿಲ್ಲ. 'ಎಲ್ಡರ್ ದ್ಯಾನ್ ಮಿ' ತಪ್ಪು, 'ಓಲ್ಡರ್ ದ್ಯಾನ್ ಮಿ' ಸರಿ.

ಆಮೇಲೆ 'ತುಂಬಾ'. 'ತುಂಬಾ ದೊಡ್ಡದು' ಎಂದರೆ ವೆರಿ ಬಿಗ್. 'ಮಂಡ್ಯಕ್ಕಿಂತ ತುಂಬಾ ದೊಡ್ಡದು' ಎಂದರೆ ವೆರಿ ಬಿಗ್ಗರ್ ಅಲ್ಲ, 'ಮಚ್ ಬಿಗ್ಗರ್'. ಕಂಪ್ಯಾರಟಿವ್‌ನ ಹಿಂದೆ ವೆರಿ ಕೂರುವುದಿಲ್ಲ. ಮಚ್ ಅಥವಾ ಫಾರ್ ಹಾಕಿ. 'ಸ್ವಲ್ಪ ದೊಡ್ಡದು' ಎನ್ನಲು 'ಎ ಲಿಟಲ್ ಬಿಗ್ಗರ್'.

'ಜಾಸ್ತಿ' ಇನ್ನೊಂದು ಮೋಸದ ಪದ. ನಮಗೆ ರೇಟೂ ಜಾಸ್ತಿ, ಬಿಸಿಲೂ ಜಾಸ್ತಿ, ನೀರೂ ಜಾಸ್ತಿ. ಎಲ್ಲದಕ್ಕೂ ಮೋರ್ ಹಾಕಿಬಿಡುತ್ತೇವೆ. ಬೆಲೆ, ಮಟ್ಟ, ಉಷ್ಣಾಂಶ, ವೇಗ ಇಂಥ ಏರಿ ಇಳಿಯುವ ಅಳತೆಗಳಿಗೆ ಇಂಗ್ಲಿಷ್‌ನಲ್ಲಿ ಹೈಯರ್, ಲೋಯರ್ ಒಪ್ಪುತ್ತವೆ. ಮಳೆಗಾಲದಲ್ಲಿ ಪೇಪರ್ ತೆಗೆದರೆ ಕೆಆರ್‌ಎಸ್ ನೀರಿನ ಮಟ್ಟ ನೋಡುತ್ತೇವಲ್ಲ, ಅದನ್ನೇ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಗರಿಷ್ಠ ಮಟ್ಟ 124.80 ಅಡಿ. ಅಣೆಕಟ್ಟೆ ತುಂಬದ ದಿನ ಹೀಗೆ ಹೇಳಿ: 'ದ ವಾಟರ್ ಲೆವೆಲ್ ಈಸ್ ಲೋಯರ್ ದ್ಯಾನ್ 124.80 ಫೀಟ್'. ನಿನ್ನೆಗಿಂತ ಏರಿದ್ದರೆ 'ಹೈಯರ್ ದ್ಯಾನ್ ಯೆಸ್ಟರ್ಡೇ'. ಹಾಗೇ 'ಕಡಿಮೆ'ಗೂ ಎರಡು ದಾರಿ. ಅಳೆಯುವ ವಸ್ತುವಿಗೆ ಲೆಸ್, ಎಣಿಸುವ ವಸ್ತುವಿಗೆ ಫ್ಯೂಯರ್: ಲೆಸ್ ವಾಟರ್, ಫ್ಯೂಯರ್ ಬಸಸ್.

ಇನ್ನು 'ದ್ದು'. 2011ರ ಜನಗಣತಿಯಲ್ಲಿ ಮೈಸೂರು ಜಿಲ್ಲೆಯ ಜನಸಂಖ್ಯೆ ಸುಮಾರು 30 ಲಕ್ಷ, ಮಂಡ್ಯ ಜಿಲ್ಲೆಯದು ಸುಮಾರು 18 ಲಕ್ಷ. ಇದನ್ನು ಹೇಳಲು 'ದ ಪಾಪ್ಯುಲೇಷನ್ ಆಫ್ ಮೈಸೂರು ಡಿಸ್ಟ್ರಿಕ್ಟ್ ಈಸ್ ಲಾರ್ಜರ್ ದ್ಯಾನ್ ಮಂಡ್ಯ ಡಿಸ್ಟ್ರಿಕ್ಟ್' ಎಂದರೆ, ಜನಸಂಖ್ಯೆಯನ್ನು ಜಿಲ್ಲೆಯ ಜೊತೆ ತೂಗಿದ ಹಾಗಾಗುತ್ತದೆ. ಕನ್ನಡದಲ್ಲಿ ನಾವು 'ಮಂಡ್ಯದ್ದಕ್ಕಿಂತ' ಎನ್ನುತ್ತೇವೆ. ಆ ಪುಟ್ಟ 'ದ್ದು' ಇಂಗ್ಲಿಷ್‌ನಲ್ಲಿ 'ದ್ಯಾಟ್ ಆಫ್' ಆಗುತ್ತದೆ: 'ಲಾರ್ಜರ್ ದ್ಯಾನ್ ದ್ಯಾಟ್ ಆಫ್ ಮಂಡ್ಯ ಡಿಸ್ಟ್ರಿಕ್ಟ್'. ಇಲ್ಲಿ ಕನ್ನಡ ನಿಮಗೆ ಸಹಾಯವೇ ಮಾಡುತ್ತದೆ. 'ದ್ದಕ್ಕಿಂತ' ಎಂದು ಬಾಯಿಗೆ ಬಂದರೆ ದ್ಯಾಟ್ ಆಫ್ ಬೇಕು ಎಂದೇ ತಿಳಿಯಿರಿ.

'ಮಂಡ್ಯ ಈಸ್ ಕ್ಲೋಸರ್ ಟು ಬೆಂಗಳೂರು ದ್ಯಾನ್ ಮೈಸೂರು.' ಈ ವಾಕ್ಯವನ್ನು ಎರಡು ರೀತಿ ಓದಬಹುದು. ಮೈಸೂರಿಗಿಂತ ಮಂಡ್ಯ ಬೆಂಗಳೂರಿಗೆ ಹತ್ತಿರ ಎಂದಾದರೆ ಸತ್ಯ. ಮಂಡ್ಯಕ್ಕೆ ಮೈಸೂರಿಗಿಂತ ಬೆಂಗಳೂರೇ ಹತ್ತಿರ ಎಂದಾದರೆ ಸುಳ್ಳು. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್, ಬೆಂಗಳೂರಿಗೆ ಸುಮಾರು 100. ಕನ್ನಡದಲ್ಲಿ ವಿಭಕ್ತಿಗಳು ಗೊಂದಲ ಕಳೆಯುತ್ತವೆ. ಇಂಗ್ಲಿಷ್‌ನಲ್ಲಿ ಒಂದು ಚಿಕ್ಕ ಪದ ಸೇರಿಸಬೇಕು. ಮೊದಲ ಅರ್ಥಕ್ಕೆ ಕೊನೆಯಲ್ಲಿ 'ದ್ಯಾನ್ ಮೈಸೂರು ಈಸ್' ಎನ್ನಿ. ದೂರ ಎರಡನ್ನು ಅಳೆಯುತ್ತಿದ್ದರೆ 'ಮಂಡ್ಯ ಈಸ್ ಕ್ಲೋಸರ್ ಟು ಮೈಸೂರು ದ್ಯಾನ್ ಟು ಬೆಂಗಳೂರು' ಎಂದು ಟು ಅನ್ನು ಎರಡು ಕಡೆ ಇಡಿ.

ಕೊನೆಗೆ, ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್. ಇವು ಲ್ಯಾಟಿನ್‌ನಿಂದ ಬಂದ ಪದಗಳು. ಇವಕ್ಕೆ ದ್ಯಾನ್ ಬದಲು ಟು: 'ಷಿ ಈಸ್ ಸೀನಿಯರ್ ಟು ಮಿ'. ಪ್ರಿಫರ್ ಕೂಡ ಹಾಗೇ: 'ಐ ಪ್ರಿಫರ್ ಕಾಫಿ ಟು ಟೀ'.

ಹಂತ 7: 'ಅಷ್ಟು' ಎನ್ನುವಾಗ

'ಮಂಡ್ಯ ಮೈಸೂರಿನಷ್ಟು ದೊಡ್ಡದಲ್ಲ.' ಇದಕ್ಕೆ 'ಮಂಡ್ಯ ಈಸ್ ನಾಟ್ ಆ್ಯಸ್ ಬಿಗ್ ಆ್ಯಸ್ ಮೈಸೂರು'. ಎರಡು ಆ್ಯಸ್‌ಗಳ ನಡುವೆ ಪದದ ಮೂಲ ರೂಪವೇ ಇರಬೇಕು. 'ಆ್ಯಸ್ ಬಿಗ್ಗರ್ ಆ್ಯಸ್' ತಪ್ಪು. ನಮ್ಮ 'ಎಷ್ಟು... ಅಷ್ಟು' ಬೇರೆ: 'ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು' ಎನ್ನಲು 'ದ ಸೂನರ್, ದ ಬೆಟರ್'. ಇಲ್ಲಿ ಕಂಪ್ಯಾರಟಿವ್‌ಗೂ ದ ಬಂದಿರುವುದನ್ನು ಗಮನಿಸಿ.

ಹಂತ 8: ಪರೀಕ್ಷೆಯಲ್ಲಿ ಡಿಗ್ರಿ ಬದಲಿಸುವುದು

ಅರ್ಥ ಬದಲಾಗದೆ ರೂಪ ಮಾತ್ರ ಬದಲಾಗಬೇಕು. ಅಚ್ಚು ಎರಡೇ. ಒಂದೇ ಒಂದು ಮೇಲಿದ್ದರೆ ಈ ಅಚ್ಚು. ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರಲ್ಲಿ, ಕರ್ನಾಟಕದಲ್ಲಿ ಅದೇ ಹಳೆಯದು.

ಸೂಪರ್ಲೇಟಿವ್: ಮೈಸೂರು ಯೂನಿವರ್ಸಿಟಿ ಈಸ್ ದಿ ಓಲ್ಡೆಸ್ಟ್ ಯೂನಿವರ್ಸಿಟಿ ಇನ್ ಕರ್ನಾಟಕ.
ಕಂಪ್ಯಾರಟಿವ್: ಮೈಸೂರು ಯೂನಿವರ್ಸಿಟಿ ಈಸ್ ಓಲ್ಡರ್ ದ್ಯಾನ್ ಎನಿ ಅದರ್ ಯೂನಿವರ್ಸಿಟಿ ಇನ್ ಕರ್ನಾಟಕ.
ಪಾಸಿಟಿವ್: ನೋ ಅದರ್ ಯೂನಿವರ್ಸಿಟಿ ಇನ್ ಕರ್ನಾಟಕ ಈಸ್ ಆ್ಯಸ್ ಓಲ್ಡ್ ಆ್ಯಸ್ ಮೈಸೂರು ಯೂನಿವರ್ಸಿಟಿ.

ಮಕ್ಕಳು ಅಂಕ ಕಳೆದುಕೊಳ್ಳುವುದು 'ಅದರ್' ಬಿಟ್ಟು. ಅದಿಲ್ಲದಿದ್ದರೆ ಆ ವಿಶ್ವವಿದ್ಯಾನಿಲಯ ತನಗಿಂತ ತಾನೇ ಹಳೆಯದು ಎಂದ ಹಾಗಾಗುತ್ತದೆ. ಕನ್ನಡದಲ್ಲಿ '*ಬೇರೆ* ಯಾವುದಕ್ಕಿಂತಲೂ' ಎನ್ನುತ್ತೇವಲ್ಲ, ಆ 'ಬೇರೆ'ಯೇ ಅದರ್. 'ಎನಿ ಅದರ್' ನಂತರ ಏಕವಚನ, 'ಆಲ್ ಅದರ್' ನಂತರ ಬಹುವಚನ.

ಹಲವುಗಳಲ್ಲಿ ಒಂದು ಆದರೆ ಇನ್ನೊಂದು ಅಚ್ಚು. 'ಒನ್ ಆಫ್ ದ ಮೋಸ್ಟ್ ಫೇಮಸ್ ಪ್ಯಾಲೆಸಸ್' ಎನ್ನುವುದು ಕಂಪ್ಯಾರಟಿವ್‌ನಲ್ಲಿ 'ಮೋರ್ ಫೇಮಸ್ ದ್ಯಾನ್ ಮೋಸ್ಟ್ ಅದರ್ ಪ್ಯಾಲೆಸಸ್' ಆಗುತ್ತದೆ. ಪಾಸಿಟಿವ್‌ನಲ್ಲಿ 'ವೆರಿ ಫ್ಯೂ ಪ್ಯಾಲೆಸಸ್ ಇನ್ ಇಂಡಿಯಾ ಆರ್ ಆ್ಯಸ್ ಫೇಮಸ್ ಆ್ಯಸ್ ಮೈಸೂರು ಪ್ಯಾಲೆಸ್'. ಇಲ್ಲಿ 'ಎನಿ ಅದರ್' ಹಾಕಿದರೆ ಅರ್ಥವೇ ಬದಲಾಗುತ್ತದೆ. ಪ್ರಶ್ನೆಯಲ್ಲಿ 'ಒನ್ ಆಫ್' ಇದೆಯಾ ಎಂದು ನೋಡಿಯೇ ಪೆನ್ನು ಇಡಿ.

ಈಗ ನೀವೇ ಬರೆಯಿರಿ

ಮೈಸೂರಿನ ಮೂರು ಅರಮನೆಗಳನ್ನು ತೆಗೆದುಕೊಳ್ಳಿ. ಜಗನ್ಮೋಹನ ಅರಮನೆ ಕಟ್ಟಿದ್ದು 1861ರಲ್ಲಿ. ಈಗಿನ ದೊಡ್ಡ ಅರಮನೆ ಮುಗಿದದ್ದು 1912ರಲ್ಲಿ. ಲಲಿತ ಮಹಲ್‌ಗೆ ಅಡಿಗಲ್ಲು ಇಟ್ಟದ್ದು 1921ರಲ್ಲಿ. ಓಲ್ಡ್, ನ್ಯೂ ಎರಡೇ ಪದ ಹಿಡಿದು ಕನಿಷ್ಠ ಆರು ವಾಕ್ಯ ಮಾಡಿ. ಕೆಳಗಿನದನ್ನು ನೋಡುವ ಮೊದಲು ನೋಟ್‌ಬುಕ್‌ನಲ್ಲಿ ಬರೆದು ಮುಗಿಸಿ.

ಹೀಗೆ ಬಂದಿದ್ದರೆ ಸರಿ: 'ಜಗನ್ಮೋಹನ ಪ್ಯಾಲೆಸ್ ಈಸ್ ದಿ ಓಲ್ಡೆಸ್ಟ್ ಆಫ್ ದ ತ್ರೀ.' 'ಲಲಿತ ಮಹಲ್ ಈಸ್ ನ್ಯೂಯರ್ ದ್ಯಾನ್ ಮೈಸೂರು ಪ್ಯಾಲೆಸ್.' 'ಮೈಸೂರು ಪ್ಯಾಲೆಸ್ ಈಸ್ ನಾಟ್ ಆ್ಯಸ್ ಓಲ್ಡ್ ಆ್ಯಸ್ ಜಗನ್ಮೋಹನ ಪ್ಯಾಲೆಸ್.' 'ಜಗನ್ಮೋಹನ ಪ್ಯಾಲೆಸ್ ಈಸ್ ಮಚ್ ಓಲ್ಡರ್ ದ್ಯಾನ್ ಲಲಿತ ಮಹಲ್.' ಎರಡನ್ನೇ ಇಟ್ಟು 'ಎರಡರಲ್ಲಿ ಹಳೆಯದು' ಎನ್ನಬೇಕಿದ್ದರೆ 'ದಿ ಓಲ್ಡರ್ ಆಫ್ ದ ಟು' ಎನ್ನಿ. ಎರಡೇ ಇರುವ ಕಡೆ ಬರೆಯುವಾಗ ಓಲ್ಡೆಸ್ಟ್ ಬೇಡ. ಇದಾದ ಮೇಲೆ ನಿಮ್ಮ ಬೀದಿಯ ಮನೆಗಳು, ನಿಮ್ಮ ಮನೆಯ ಜನ, ಬೆಳಿಗ್ಗೆ ಹತ್ತುವ ಬಸ್ಸುಗಳು, ಇವನ್ನೇ ಹಿಡಿದು ದಿನಕ್ಕೆ ಮೂರು ವಾಕ್ಯ ಜೋರಾಗಿ ಹೇಳಿಕೊಳ್ಳಿ. ಒಂದು ಪಾಸಿಟಿವ್, ಒಂದು ಕಂಪ್ಯಾರಟಿವ್, ಒಂದು ಸೂಪರ್ಲೇಟಿವ್.